ಹಿರಿಯರ ಕೈಗೆ ಸ್ಮಾರ್ಟ್‌ವಾಚ್: ಕೊಳ್ಳುವ ಮುನ್ನ ನೋಡಬೇಕಾದುದು

ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯಲ್ಲಾಗಲಿ, ಧಾರವಾಡದ ಸುಭಾಷ ರಸ್ತೆಯಲ್ಲಾಗಲಿ ಮೊಬೈಲ್ ಅಂಗಡಿಯ ಗಾಜಿನ ಕಪಾಟಿನ ಮುಂದೆ ನಿಂತು ನೋಡಿದರೆ, ಅಗ್ಗದ ವಾಚಿಗೂ ಅದರ ಇಪ್ಪತ್ತು ಪಟ್ಟು ಬೆಲೆಯ ವಾಚಿಗೂ ಡಬ್ಬಿಯ ಮೇಲಿನ ಮಾತುಗಳಲ್ಲಿ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಎರಡರ ಮೇಲೂ ಹೃದಯ ಬಡಿತ, ರಕ್ತದ ಆಮ್ಲಜನಕ, ನಿದ್ದೆ, ಹೆಜ್ಜೆ ಎಂದೇ ಬರೆದಿರುತ್ತದೆ. ಆದ್ದರಿಂದ ವಯಸ್ಸಾದ ತಂದೆ-ತಾಯಿಗೋ ಅತ್ತೆ-ಮಾವನಿಗೋ ವಾಚ್ ಕೊಡಿಸಬೇಕೆಂದಿರುವವರು ಡಬ್ಬಿ ಓದುವ ಮೊದಲು ಮನೆಯಲ್ಲೇ ಕುಳಿತು ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಳ್ಳುವುದು ಒಳ್ಳೆಯದು. ಈ ವಾಚಿನಿಂದ ನಮಗೆ ತಿಳಿಯಬೇಕಾದದ್ದು ಏನು? ಅದು ಅಪಾಯದ ಸೂಚನೆ ಕೊಟ್ಟಾಗ ಹತ್ತು ನಿಮಿಷದೊಳಗೆ ಆ ಮನೆಯ ಬಾಗಿಲು ತಟ್ಟುವವರು ಯಾರು?

ಎರಡನೆಯ ಪ್ರಶ್ನೆಯನ್ನು ಬಹಳ ಮಂದಿ ಕೇಳಿಕೊಳ್ಳುವುದೇ ಇಲ್ಲ. ಮಗ ಬೆಂಗಳೂರಿನಲ್ಲಿ, ಮಗಳು ಪುಣೆಯಲ್ಲಿ, ಸಾಧನಕೇರಿಯ ಮನೆಯಲ್ಲಿ ಅಪ್ಪ-ಅವ್ವ ಇಬ್ಬರೇ. ಇಂಥ ಸಂಸಾರಗಳು ಈಗ ನಮ್ಮಲ್ಲಿ ಓಣಿಗೆ ಒಂದೆರಡಾದರೂ ಸಿಗುತ್ತವೆ. ವಾಚಿನ ಎಚ್ಚರಿಕೆ ನಾಲ್ಕುನೂರು ಕಿಲೋಮೀಟರ್ ಆಚೆಯ ಮಗನ ಫೋನಿಗಷ್ಟೇ ಹೋದರೆ, ಅವನು ಮಾಡಬಹುದಾದದ್ದು ಪಕ್ಕದ ಮನೆಯವರಿಗೆ ಫೋನ್ ಹಚ್ಚುವುದು ಮಾತ್ರ. ಹಾಗಿದ್ದ ಮೇಲೆ ತುರ್ತು ಸಂಪರ್ಕದ ಪಟ್ಟಿಯಲ್ಲಿ ಪಕ್ಕದ ಮನೆಯವರ ಸಂಖ್ಯೆಯೇ ಮೊದಲಿರಬೇಕು, ಮತ್ತು ಅವರಿಗೆ ಆ ವಿಷಯ ಮುಂಚಿತವಾಗಿ ತಿಳಿದಿರಬೇಕು. ಅಂಥವರು ಯಾರೂ ಇಲ್ಲವೆಂದಾದರೆ ದುಬಾರಿ ವಾಚಿಗೆ ಹಾಕುವ ಹಣದಲ್ಲಿ ದಿನಕ್ಕೆರಡು ಬಾರಿ ಬಂದು ಹೋಗುವ ಮನೆಗೆಲಸದವರನ್ನು ಗೊತ್ತುಮಾಡುವುದು ಹೆಚ್ಚು ಉಪಯೋಗದ್ದೆಂಬುದು ನನ್ನ ಅಭಿಪ್ರಾಯ.

ಮೊದಲ ಪ್ರಶ್ನೆಗೆ ಉತ್ತರ ಮನೆಯಿಂದ ಮನೆಗೆ ಬೇರೆ. ತಲೆಸುತ್ತು ಬಂದು ಒಮ್ಮೆ ಬಿದ್ದವರಿಗೆ ಬಿದ್ದದ್ದನ್ನು ಗುರುತಿಸುವ ಸೌಲಭ್ಯ ಬೇಕು. ಎದೆ ಡವಗುಟ್ಟುತ್ತದೆ, ಬಡಿತ ಒಮ್ಮೊಮ್ಮೆ ತಪ್ಪಿದಂತಾಗುತ್ತದೆ ಎನ್ನುವವರಿಗೆ ಇಸಿಜಿ ಇರುವ ವಾಚ್ ನೆರವಾಗಬಹುದು. ಉಣಕಲ್ ಕೆರೆಯ ದಂಡೆಯಲ್ಲೋ ಕರ್ನಾಟಕ ಕಾಲೇಜಿನ ಮೈದಾನದಲ್ಲೋ ಬೆಳಗಿನ ನಡಿಗೆಯ ಲೆಕ್ಕವಷ್ಟೇ ಬೇಕೆನ್ನುವವರಿಗೆ ಎರಡು-ಮೂರು ಸಾವಿರದ ಸಾಧಾರಣ ಬ್ಯಾಂಡ್ ಸಾಕು. ಅದಕ್ಕೂ ಮೇಲೆ ಖರ್ಚು ಮಾಡಬೇಕಿಲ್ಲ.

ಬಿಪಿ, ಶುಗರ್ ವಿಷಯ

ನಮ್ಮ ಹಿರಿಯರಲ್ಲಿ ಹೆಚ್ಚಿನವರ ಚಿಂತೆ ಇವೆರಡೇ ಆಗಿರುವುದರಿಂದ, ಮಾರುವವರ ಮಾತೂ ಇಲ್ಲಿಯೇ ಜೋರಾಗಿರುತ್ತದೆ. ಆದರೆ ಸಕ್ಕರೆಯ ವಿಷಯದಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ. ಚರ್ಮವನ್ನು ಚುಚ್ಚದೆ ರಕ್ತದ ಸಕ್ಕರೆ ಅಳೆಯುತ್ತೇವೆಂದು ಹೇಳುವ ಯಾವ ವಾಚನ್ನೂ ಉಂಗುರವನ್ನೂ ನಂಬಬಾರದೆಂದು, ಅಂಥ ಒಂದು ಸಾಧನಕ್ಕೂ ತಾನು ಮಾನ್ಯತೆ ಕೊಟ್ಟಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯು 2024ರ ಫೆಬ್ರುವರಿಯಲ್ಲಿ ಬಹಿರಂಗ ಎಚ್ಚರಿಕೆ ನೀಡಿತು. ಸುಳ್ಳು ಅಂಕಿ ನೋಡಿ ಇನ್ಸುಲಿನ್ ಹೆಚ್ಚಿಗೆ ತೆಗೆದುಕೊಂಡರೆ ಸಕ್ಕರೆ ದಿಢೀರನೆ ಇಳಿದು ಪ್ರಾಣಕ್ಕೇ ಅಪಾಯವಾಗಬಹುದು. ತೋಳಿಗೆ ಅಂಟಿಸಿಕೊಳ್ಳುವ, ಚರ್ಮದಡಿಗೆ ಸಣ್ಣ ಎಳೆ ಹೋಗುವ ಸಂವೇದಕದ ಅಂಕಿಯನ್ನು ಕೆಲವು ವಾಚುಗಳು ತೋರಿಸುತ್ತವೆ. ಅಲ್ಲಿ ಅಳೆಯುವುದು ತೋಳಿನ ಸಂವೇದಕ, ವಾಚ್ ಬರೀ ಪರದೆ. ಇದೊಂದನ್ನು ಬಿಟ್ಟು, ‘ಶುಗರ್ ತೋರಿಸುತ್ತದೆ’ ಎಂದು ಹೇಳಿ ಮಾರುವ ವಾಚಿನ ಬೇರೆ ಅಂಕಿಗಳನ್ನೂ ನಾನು ನಂಬುವುದಿಲ್ಲ.

ರಕ್ತದೊತ್ತಡದ ಸಂಗತಿ ಸ್ವಲ್ಪ ಬೇರೆ. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ವಾಚಿನಲ್ಲಿ ಈ ಸೌಲಭ್ಯವಿದೆ. ಆದರೆ ತೋಳಿಗೆ ಪಟ್ಟಿ ಸುತ್ತುವ ಬಿಪಿ ಯಂತ್ರದಿಂದ ಅಳೆದು 28 ದಿನಗಳಿಗೊಮ್ಮೆ ವಾಚನ್ನು ಸರಿಹೊಂದಿಸುತ್ತಿರಬೇಕು. ಅಂದರೆ ಯಂತ್ರವನ್ನೂ ಕೊಳ್ಳಲೇಬೇಕಾಯಿತು. ಆ್ಯಪಲ್ 2025ರಲ್ಲಿ ತಂದ ಸೌಲಭ್ಯವು 30 ದಿನಗಳ ಮಾಹಿತಿಯನ್ನು ಪರಿಶೀಲಿಸಿ ಅಧಿಕ ಒತ್ತಡದ ಲಕ್ಷಣಗಳಿದ್ದರೆ ಸೂಚನೆ ಕೊಡುತ್ತದೆ, ಅಂಕಿ ಕೊಡುವುದಿಲ್ಲ. ಅಗ್ಗದ ವಾಚುಗಳು ಯಾವ ಹೊಂದಾಣಿಕೆಯೂ ಇಲ್ಲದೆ 120/80ರ ಆಸುಪಾಸಿನ ಅಂಕಿಗಳನ್ನು ಥಟ್ಟನೆ ತೋರಿಸುತ್ತವೆ; ಅಂಥ ಡಬ್ಬಿಗಳ ಹಿಂಬದಿಯಲ್ಲಿ ಇದು ವೈದ್ಯಕೀಯ ಸಾಧನವಲ್ಲವೆಂಬ ಸಾಲು ಸಣ್ಣ ಅಕ್ಷರಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಬಿಪಿ ಇರುವ ಮನೆಯಲ್ಲಿ ತೋಳಿನ ಯಂತ್ರ ಇನ್ನೂ ಇಲ್ಲವಾದರೆ ಮೊದಲು ಅದನ್ನು ತರಬೇಕು, ವಾಚಿನ ಮಾತು ಆಮೇಲೆ. ಐದು ನಿಮಿಷ ಸುಮ್ಮನೆ ಕುಳಿತು, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು ಅಳೆದ ಅಂಕಿಯನ್ನು ವಹಿಯಲ್ಲಿ ಬರೆದಿಟ್ಟರೆ ವೈದ್ಯರಿಗೆ ಅದೇ ದೊಡ್ಡ ಉಪಕಾರ.

ನಾಡಿ, ಆಮ್ಲಜನಕ, ಇಸಿಜಿ

ವಾಚನ್ನು ಮಗುಚಿದರೆ ಹಿಂಬದಿಯಲ್ಲಿ ಹಸಿರು ಬೆಳಕು ಮಿನುಗುವುದು ಕಾಣುತ್ತದೆ. ರಕ್ತವು ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೆ ಮಣಿಕಟ್ಟಿನ ಸಣ್ಣ ರಕ್ತನಾಳಗಳು ತುಂಬಿ ಇಳಿಯುವಾಗ ಹಿಂದಿರುಗುವ ಬೆಳಕಿನಲ್ಲಿ ಆಗುವ ಏರಿಳಿತವನ್ನು ಎಣಿಸಿ ವಾಚ್ ನಾಡಿಯ ಲೆಕ್ಕ ಕೊಡುತ್ತದೆ. ಸುಮ್ಮನೆ ಕುಳಿತಾಗ, ಮಲಗಿದಾಗ ಒಳ್ಳೆಯ ಕಂಪನಿಯ ವಾಚು ಕೊಡುವ ನಾಡಿಯ ಅಂಕಿ ಸಾಕಷ್ಟು ನಂಬಲರ್ಹ. ಆಮ್ಲಜನಕದ ಅಂಕಿಯನ್ನು ಕೆಂಪು ಮತ್ತು ಅವಕೆಂಪು ಬೆಳಕಿನಿಂದ ಲೆಕ್ಕಹಾಕುತ್ತಾರೆ. ಕೈ ತಣ್ಣಗಿದ್ದರೂ, ಪಟ್ಟಿ ಸಡಿಲವಾಗಿದ್ದರೂ ಅದು ತಪ್ಪುತ್ತದೆ. ರಾತ್ರಿ ಒಮ್ಮೆ 88 ತೋರಿಸಿತೆಂದು ಗಾಬರಿಬೀಳುವ ಬದಲು, ಕೊರೊನಾ ಕಾಲದಲ್ಲಿ ಕೊಂಡು ಕಪಾಟಿನಲ್ಲಿಟ್ಟಿರುವ ಬೆರಳಿನ ಆಕ್ಸಿಮೀಟರ್‌ಗೆ ಹೊಸ ಸೆಲ್ ಹಾಕಿ ಮತ್ತೊಮ್ಮೆ ನೋಡಬೇಕು. ಅಲ್ಲಿಯೂ ಅಂಕಿ ಕಡಿಮೆಯೇ ಬಂದರೆ, ಅಥವಾ ಅಂಕಿ ಏನೇ ಇದ್ದರೂ ಉಸಿರಾಟ ಕಷ್ಟವಾಗಿದ್ದರೆ ಆಸ್ಪತ್ರೆಗೆ ಹೋಗಬೇಕು.

ಇಸಿಜಿ ಇರುವ ವಾಚಿನಲ್ಲಿ ಇನ್ನೊಂದು ಕೈಯ ಬೆರಳನ್ನು ಗುಂಡಿಯ ಮೇಲೆ 30 ಸೆಕೆಂಡು ಇಟ್ಟರೆ ಹೃದಯದ ವಿದ್ಯುತ್ ಚಟುವಟಿಕೆಯ ಒಂದು ಗೆರೆ ಮೂಡುತ್ತದೆ. ಇದರ ನಿಜವಾದ ಪ್ರಯೋಜನ ಏಟ್ರಿಯಲ್ ಫಿಬ್ರಿಲೇಶನ್ ಎಂಬ ಲಯತಪ್ಪಿದ ಬಡಿತವನ್ನು ಹಿಡಿಯುವುದರಲ್ಲಿದೆ. ವಯಸ್ಸಾದಂತೆ ಹೆಚ್ಚುವ ಈ ತೊಂದರೆ ಬಂದು ಹೋಗುತ್ತಿರುವುದರಿಂದ ಆಸ್ಪತ್ರೆಗೆ ಹೋದ ಹೊತ್ತಿನಲ್ಲಿ ಸಿಕ್ಕಿಬೀಳದೆ ಇರಬಹುದು. ಪತ್ತೆಯಾಗದೆ ಉಳಿದರೆ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಮೆದುಳಿಗೆ ಸಾಗಿ ಲಕ್ವ ಹೊಡೆಯುವ ಅಪಾಯವಿದೆ. ಆದರೆ ಒಂದೇ ಗೆರೆಯ ಈ ಇಸಿಜಿ ಹೃದಯಾಘಾತವನ್ನು ಗುರುತಿಸಲಾರದು. ಎದೆ ಹಿಂಡಿದಂತಾಗಿ ಬೆವರು ಬರುತ್ತಿದ್ದರೆ, ನೋವು ಎಡಗೈಗೋ ದವಡೆಗೋ ಹರಿಯುತ್ತಿದ್ದರೆ ವಾಚ್ ಎಲ್ಲವೂ ಸರಿಯಿದೆ ಎಂದರೂ ಲೆಕ್ಕಿಸದೆ 108ಕ್ಕೆ ಫೋನ್ ಮಾಡಬೇಕು. ಇನ್ನು ಕೈ ನಡುಗುವವರಿಗೆ, ಚರ್ಮ ತೀರಾ ಒಣಗಿದವರಿಗೆ ಗೆರೆ ಸರಿಯಾಗಿ ಮೂಡುವುದಿಲ್ಲ. ಅಂಗಡಿಯಲ್ಲಿಯೇ ಒಮ್ಮೆ ಮೇಜಿನ ಮೇಲೆ ಕೈಯೂರಿ ತೆಗೆದು ನೋಡುವುದು ಇದಕ್ಕಾಗಿಯೇ.

ಪೇಸ್‌ಮೇಕರ್ ಹಾಕಿಸಿಕೊಂಡವರು ಕೊಳ್ಳುವ ಮೊದಲೇ ತಮ್ಮ ಹೃದಯ ವೈದ್ಯರನ್ನು ಕೇಳಬೇಕು. ವಾಚಿನಲ್ಲಿಯೂ ಅದರ ಚಾರ್ಜರಿನಲ್ಲಿಯೂ ಅಯಸ್ಕಾಂತವಿರುತ್ತದೆ. ಅವನ್ನು ಎದೆಯ ಹತ್ತಿರ, ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳಬಾರದು. ದೇಹದ ಕೊಬ್ಬಿನಂಶ ಅಳೆಯುವ ಸೌಲಭ್ಯವು ಮೈಯೊಳಗೆ ಸಣ್ಣ ವಿದ್ಯುತ್ ಹರಿಸುವುದರಿಂದ ಅದನ್ನು ಅವರು ಮುಟ್ಟಲೇಬಾರದು.

ಕೈಗೆ ಕಟ್ಟಿ ನೋಡಬೇಕು

ಯಂತ್ರದ ಗುಣ ಎಷ್ಟಿದ್ದರೇನು, ಅದು ಕೈಮೇಲೆ ನಿಲ್ಲದಿದ್ದರೆ ವ್ಯರ್ಥ. ಜಾಲತಾಣದಲ್ಲಿ ತರಿಸಿ ಅಚ್ಚರಿಯ ಉಡುಗೊರೆ ಕೊಡುವುದಕ್ಕಿಂತ, ಕಟ್ಟಿಕೊಳ್ಳುವವರನ್ನೇ ಅಂಗಡಿಗೆ ಕರೆದೊಯ್ಯುವುದು ಮೇಲು ಎನ್ನುವುದಕ್ಕೆ ಕಾರಣಗಳೆಲ್ಲ ಮಣಿಕಟ್ಟಿನಲ್ಲಿಯೇ ಇವೆ.

ನಮ್ಮ ಹೆಣ್ಣುಮಕ್ಕಳ ಎರಡೂ ಕೈಗಳಲ್ಲಿ ಗಾಜಿನ ಬಳೆಗಳಿರುತ್ತವೆ. ಬಳೆ ತೆಗೆದಿಟ್ಟು ವಾಚ್ ಕಟ್ಟಿಕೊಳ್ಳಿರೆಂದರೆ ಹಿರಿಯ ಮುತ್ತೈದೆಯರು ಒಪ್ಪುವುದಿಲ್ಲ, ಒತ್ತಾಯಿಸುವುದೂ ಸಲ್ಲದು. ಬಳೆಗಳು ಮುಂದಕ್ಕೆ ಅಂಗೈಯ ಕಡೆಗೆ, ವಾಚ್ ಮಣಿಕಟ್ಟಿನ ಎಲುಬಿನಿಂದ ಎರಡು ಬೆರಳು ಹಿಂದಕ್ಕೆ ಇದ್ದರೆ ಎರಡೂ ಹೊಂದಿಕೊಂಡು ಹೋಗುತ್ತವೆ. ಹಿಂದಕ್ಕೆ ಸರಿದರೂ ಸಂವೇದಕಕ್ಕೆ ತೊಂದರೆಯಿಲ್ಲ, ಅಲ್ಲಿ ಮಾಂಸ ಹೆಚ್ಚಿರುವುದರಿಂದ ಅನುಕೂಲವೇ. ಆದರೆ ಗುಂಡಿ ಹೊರಚಾಚಿದ ವಾಚುಗಳಲ್ಲಿ ಬಳೆ ತಾಗಿ ತಾಗಿ ಗುಂಡಿ ತಾನೇ ಒತ್ತಿಹೋಗುತ್ತದೆ, ತುರ್ತು ಕರೆಯೂ ಹೋಗಿಬಿಡಬಹುದು. ಹೀಗಾಗಿ ಕಟ್ಟಿಸಿ, ಒಂದೆರಡು ಸಲ ಕೈ ಬೀಸಿಸಿ ನೋಡಬೇಕು. ಅಂಚು ಎತ್ತರವಿದ್ದು ಗಾಜು ತಗ್ಗಿನಲ್ಲಿರುವ ವಾಚಾದರೆ ಗೀರು ಕಡಿಮೆ.

ಇನ್ನೊಂದು ಸಂಗತಿಯನ್ನು ಮಾರುವವರು ಎಂದೂ ಹೇಳುವುದಿಲ್ಲ. ನಮ್ಮ ಭಾಗದ ಅನೇಕ ಅಜ್ಜಿಯರ ಮುಂಗೈ ಮೇಲೆ ಹಳೆಯ ಕಾಲದ ಹಸಿರು ಹಚ್ಚೆ ಇರುತ್ತದೆ. ಚರ್ಮದೊಳಗಿನ ಆ ಶಾಯಿ ಸಂವೇದಕದ ಬೆಳಕನ್ನು ತಡೆದು, ನಾಡಿ ಸಿಗುತ್ತಿಲ್ಲವೆಂದೋ ವಾಚ್ ಕೈಯಲ್ಲಿಲ್ಲವೆಂದೋ ತೋರಿಸುವಂತೆ ಮಾಡಬಲ್ಲದು. ಹಚ್ಚೆ ಇಲ್ಲದ ಕೈಗೆ ಕಟ್ಟಿದರೆ ಸರಿಹೋಗುತ್ತದೆ. ಎರಡೂ ಕೈಗಳಲ್ಲಿ ಇದ್ದರೆ ಹಣ ಕೊಡುವ ಮೊದಲು ಎರಡು-ಮೂರು ನಿಮಿಷ ಕಟ್ಟಿಸಿ, ಬೆರಳಿನಿಂದ ನಾಡಿ ಹಿಡಿದು ಎಣಿಸಿ, ಅಂಕಿ ತಾಳೆಯಾಗುತ್ತದೆಯೇ ಎಂದು ನೋಡಿಕೊಳ್ಳಬೇಕು.

ಬೆರಳಿನ ಸಂದು ನೋವಿರುವವರಿಗೆ ಬಕಲ್ಲಿನ ತೂತಿಗೆ ಕಡ್ಡಿ ಸಿಕ್ಕಿಸುವುದು ದೊಡ್ಡ ಸಾಹಸ. ಒಂದೇ ಕೈಯಿಂದ ಎಳೆದು ಅಂಟಿಸುವ ವೆಲ್ಕ್ರೊ ಪಟ್ಟಿ ಅವರಿಗೆ ತಕ್ಕದ್ದು, ಮತ್ತು ಅದನ್ನು ಬೇರೆಯಾಗಿಯೂ ಕೊಳ್ಳಬಹುದು. ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುವವರ ಚರ್ಮ ಸ್ವಲ್ಪ ಒತ್ತಿದರೂ ಕಂದುಗಟ್ಟುವುದರಿಂದ ಭಾರದ ಲೋಹದ ಪಟ್ಟಿ ಬೇಡ. ಏಪ್ರಿಲ್, ಮೇ ಬಿಸಿಲಿನಲ್ಲಿ ಪಟ್ಟಿಯಡಿ ಬೆವರು ನಿಂತು ತುರಿಕೆ ಏಳುತ್ತದೆ. ದಿನಕ್ಕೊಮ್ಮೆ ಬಿಚ್ಚಿ ಒರೆಸುವ ರೂಢಿ ಇಟ್ಟುಕೊಳ್ಳಬೇಕು.

ಪರದೆಯ ವಿಷಯದಲ್ಲಿ ಹಿರಿಯರ ಮಾತೇ ಕೊನೆಯದಾಗಬೇಕು. ಅಂಗಡಿಯ ಹುಡುಗ ಒಂದಾದಮೇಲೊಂದು ಬಣ್ಣದ ಚಿತ್ರಗಳನ್ನು ಸರಿಸಿ ತೋರಿಸುತ್ತಿದ್ದಾಗ ಹಿರಿಯರೊಬ್ಬರು, “ಬಣ್ಣ ಬ್ಯಾಡಪ್ಪಾ, ಟೈಮ್ ದೊಡ್ಡದಾಗಿ ಕಾಣೂದು ತೋರ್ಸು” ಎಂದದ್ದನ್ನು ಕೇಳಿದ್ದೇನೆ. ಅಷ್ಟೇ ಬೇಕಾದದ್ದು. ಕನ್ನಡಕ ತೆಗೆಸಿ, ಅಂಗಡಿಯ ಹೊರಗೆ ಬಿಸಿಲಿನಲ್ಲಿ ನಿಲ್ಲಿಸಿ, ಸಮಯವನ್ನೂ ನಾಡಿಯನ್ನೂ ಓದಿಸಬೇಕು.

ಹೆಜ್ಜೆಯ ಲೆಕ್ಕದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ವಾಚ್ ಎಣಿಸುವುದು ಕೈಯ ಬೀಸನ್ನು. ವಾಕರ್ ಹಿಡಿದು ನಡೆಯುವವರ ಕೈ ಬೀಸುವುದಿಲ್ಲವಾದ್ದರಿಂದ ನಡೆದದ್ದೆಲ್ಲ ಲೆಕ್ಕಕ್ಕೆ ಬರುವುದಿಲ್ಲ, ಕುಳಿತಲ್ಲಿಯೇ ಜೋಳದ ರೊಟ್ಟಿ ಬಡಿಯುವ ಅವ್ವನ ಖಾತೆಗೆ ಒಂದಿಷ್ಟು ಹೆಜ್ಜೆಗಳು ಸೇರಿದರೂ ಆಶ್ಚರ್ಯವಿಲ್ಲ.

ಬಿದ್ದಾಗ

ಬಿದ್ದದ್ದನ್ನು ಗುರುತಿಸುವ ಸೌಲಭ್ಯ ಆ್ಯಪಲ್, ಸ್ಯಾಮ್‌ಸಂಗ್, ಗೂಗಲ್ ಪಿಕ್ಸೆಲ್ ವಾಚುಗಳಲ್ಲಿದೆ. ಅಗ್ಗದ ವಾಚುಗಳಲ್ಲಿ ಅಪರೂಪ. ಆ್ಯಪಲ್ ವಾಚಿನಲ್ಲಿ ನೋಂದಾಯಿಸಿದ ವಯಸ್ಸು 55 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ತಾನಾಗಿಯೇ ಚಾಲೂ ಆಗುತ್ತದೆ, ಬೇರೆ ಕಂಪನಿಗಳಲ್ಲಿ ನಾವೇ ಚಾಲೂ ಮಾಡಬೇಕಾಗಬಹುದು. ಜೋರಾಗಿ ಬಿದ್ದು, ಸುಮಾರು ಒಂದು ನಿಮಿಷ ಅಲುಗಾಡದಿದ್ದರೆ ಆ್ಯಪಲ್ ವಾಚ್ ತುರ್ತು ಸೇವೆಗೆ ಕರೆ ಮಾಡಿ ಮನೆಯವರಿಗೆ ಸಂದೇಶ ಕಳಿಸುತ್ತದೆ. ಮಂಚದಿಂದ ಮೆಲ್ಲಗೆ ಜಾರಿ ಕುಸಿದದ್ದು, ಗೋಡೆ ಹಿಡಿದುಕೊಂಡು ಕೆಳಗೆ ಕುಳಿತದ್ದು ಅದಕ್ಕೆ ತಿಳಿಯದೆ ಹೋಗಬಹುದು. ಆದ್ದರಿಂದ ಗುಂಡಿ ಒತ್ತಿಹಿಡಿದು ಕರೆ ಮಾಡುವ ಅಭ್ಯಾಸವನ್ನು ಹಿರಿಯರಿಗೆ ಬೇರೆಯಾಗಿ ಮಾಡಿಸಲೇಬೇಕು.

ಇಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಸಿಮ್ ಇಲ್ಲದ ವಾಚು ಬ್ಲೂಟೂತ್ ಮೂಲಕ ಫೋನನ್ನು ಆಶ್ರಯಿಸಿರುತ್ತದೆ. ಬಯಲಿನಲ್ಲಿ ಸುಮಾರು ಹತ್ತು ಮೀಟರ್ ತಲುಪುವ ಬ್ಲೂಟೂತ್ ನಮ್ಮ ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆಗಳನ್ನು ದಾಟುವಷ್ಟರಲ್ಲಿ ಸೋತುಹೋಗುತ್ತದೆ. ಫೋನ್ ಪಡಸಾಲೆಯಲ್ಲಿ ಚಾರ್ಜಿಗೆ ಹಾಕಿದೆ, ಅಪ್ಪ ಹಿತ್ತಲಿನ ಬಚ್ಚಲುಮನೆಯಲ್ಲಿ ಜಾರಿದ್ದಾರೆ. ವಾಚ್ ಬಿದ್ದದ್ದನ್ನು ಅರಿತರೂ ಯಾರಿಗೂ ಹೇಳಲಾರದು. ಕೊಂಡ ದಿನವೇ ಫೋನನ್ನು ದಿನವೂ ಇಡುವ ಜಾಗದಲ್ಲಿಟ್ಟು, ವಾಚ್ ಕಟ್ಟಿಕೊಂಡು ಬಚ್ಚಲು, ಹಿತ್ತಲು, ಮಾಳಿಗೆ ಎಲ್ಲ ಕಡೆಗೂ ಹೋಗಿ ಮನೆಯವರ ಸಂಖ್ಯೆಗೆ ವಾಚಿನಿಂದ ಕರೆ ಮಾಡಿ ಪರೀಕ್ಷಿಸಬೇಕು. ಪರೀಕ್ಷೆಗೆಂದು ತುರ್ತು ಸೇವೆಯ 112ಕ್ಕೆ ಕರೆ ಹೋಗದಂತೆ ಎಚ್ಚರವಿರಲಿ. ಕರೆ ಹೋಗದ ಜಾಗಗಳಿದ್ದರೆ ಫೋನಿನ ಜಾಗ ಬದಲಿಸಬೇಕು, ಇಲ್ಲವೇ ಸ್ವಂತ ಇ-ಸಿಮ್ (ವಾಚಿನೊಳಗೇ ಅಡಕವಾಗಿರುವ ಸಿಮ್) ಇರುವ ವಾಚ್ ಕೊಳ್ಳಬೇಕು. ಇ-ಸಿಮ್ ವಾಚಿನ ಬೆಲೆ ಹೆಚ್ಚು, ಜೊತೆಗೆ ಫೋನಿನ ಸಿಮ್ ಯಾವ ಕಂಪನಿಯದೋ ಆ ಕಂಪನಿ ಈ ವಾಚಿಗೆ ಸಂಪರ್ಕ ಕೊಡುತ್ತದೆಯೇ ಎಂದು ಅವರ ಮಳಿಗೆಯಲ್ಲಿ ಮೊದಲೇ ಕೇಳಿಕೊಳ್ಳಬೇಕು.

ಜಾರುವುದು ಬಚ್ಚಲಿನಲ್ಲೇ ಹೆಚ್ಚಾದ್ದರಿಂದ ಸ್ನಾನಕ್ಕೂ ವಾಚ್ ಕೈಯಲ್ಲಿರಬೇಕಾಗುತ್ತದೆ. ನೀರು ತಡೆಯುವ ಗುರುತಾದ ‘5 ಎಟಿಎಂ’ ಎಂದು ಬರೆದಿರುವ ವಾಚು ನೀರಿಗೆ ಅಂಜುವುದಿಲ್ಲ, ಆದರೆ ಹಂಡೆಯ ಬಿಸಿನೀರಿನ ಹಬೆ ಮತ್ತು ಸೋಪು ಅದರೊಳಗಿನ ರಬ್ಬರಿನ ತಡೆಯನ್ನು ಕಾಲಕ್ರಮದಲ್ಲಿ ಸಡಿಲಿಸುತ್ತವೆ. ಸ್ನಾನವಾದ ಮೇಲೆ ತಣ್ಣೀರಿನಲ್ಲಿ ತೊಳೆದು ಒರೆಸಿಟ್ಟರೆ ಬಾಳಿಕೆ ಹೆಚ್ಚುತ್ತದೆ. ಆದರೂ ವಾಚ್ ಬೇಗ ಹಾಳಾಗಬಹುದೆಂಬ ಭಯಕ್ಕೆ ಅದನ್ನು ಬಚ್ಚಲಿನ ಹೊರಗೆ ತೆಗೆದಿಡಿಸುವುದು ತಪ್ಪು.

ಫೋನ್, ಚಾರ್ಜು, ಕನ್ನಡ

ಆ್ಯಪಲ್ ವಾಚಿಗೆ ಐಫೋನೇ ಬೇಕು. ಇತ್ತೀಚಿನ ಗ್ಯಾಲಕ್ಸಿ ವಾಚುಗಳು ಆಂಡ್ರಾಯ್ಡ್ ಫೋನಿನೊಡನೆ ಮಾತ್ರ ಹೊಂದಿಕೊಳ್ಳುತ್ತವೆ, ಅವುಗಳ ಇಸಿಜಿ ಮತ್ತು ಬಿಪಿಗೆ ಸ್ಯಾಮ್‌ಸಂಗ್ ಫೋನೇ ಆಗಬೇಕು. ಮಕ್ಕಳು ಬಳಸಿ ಬಿಟ್ಟ ಫೋನ್ ಹಿರಿಯರ ಪಾಲಿಗೆ ಬರುವುದು ನಮ್ಮಲ್ಲಿ ವಾಡಿಕೆಯಾದ್ದರಿಂದ ಆ ಫೋನಿನ ಮಾದರಿಯನ್ನು ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಗೆ ಹೋಗಬೇಕು. ಇನ್ನೂ ಕೀಪ್ಯಾಡ್ ಫೋನನ್ನೇ ಬಳಸುವವರಿಗೆ ವಾಚ್ ಕೊಡಿಸಿ ಗೋಳು ಹೊಯ್ದುಕೊಳ್ಳುವುದಕ್ಕಿಂತ, ಬೆನ್ನಿಗೆ ತುರ್ತು ಗುಂಡಿ ಇರುವ ಹಿರಿಯರ ಕೀಪ್ಯಾಡ್ ಫೋನ್ ಕೊಡಿಸುವುದೇ ಜಾಣತನ.

ಹೆಚ್ಚು ಸೌಲಭ್ಯದ ವಾಚುಗಳ ಬ್ಯಾಟರಿ ಒಂದೆರಡು ದಿನ ಬರುತ್ತದೆ, ಸರಳ ವಾಚುಗಳದ್ದು ವಾರದವರೆಗೂ ಬರುತ್ತದೆ. ದಿನವೂ ಚಾರ್ಜು ಮಾಡಬೇಕಾದರೆ ಅದಕ್ಕೊಂದು ಹೊತ್ತು ಗೊತ್ತುಮಾಡಬೇಕು. ಸಂಜೆ ಟಿವಿಯ ಮುಂದೆ ಕುಳಿತ ಹೊತ್ತು ಎಲ್ಲಕ್ಕಿಂತ ಸುರಕ್ಷಿತ. ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಬೀಳುವ ಭಯವಿರುವುದರಿಂದ ಮಲಗುವಾಗ ತೆಗೆದಿಡಬಾರದು. ಕರೆಂಟು ಆಗಾಗ ಹೋಗುವ ರೋಣ, ಶಿರಹಟ್ಟಿ, ಹಾನಗಲ್ಲ ಕಡೆಯ ಹಳ್ಳಿಗಳಿಗಾದರೆ ನಾನು ಇಸಿಜಿಯನ್ನು ಬಿಟ್ಟುಕೊಟ್ಟು ವಾರದ ಬ್ಯಾಟರಿಯನ್ನೇ ಆರಿಸುತ್ತೇನೆ.

ಕನ್ನಡದ ಪರೀಕ್ಷೆ ಸುಲಭ. ಅಂಗಡಿಯಲ್ಲಿ ವಾಚನ್ನು ಫೋನಿಗೆ ಜೋಡಿಸಿಕೊಂಡು “ಗುಳಿಗಿ ತಗೊಂಡ್ರ್ಯಾ?” ಎಂದು ಒಂದು ಸಂದೇಶ ಕಳಿಸಿ ನೋಡಬೇಕು. ಕೆಲವು ಅಗ್ಗದ ವಾಚುಗಳಲ್ಲಿ ಅಕ್ಷರದ ಬದಲು ಖಾಲಿ ಚೌಕಗಳು ಬರುತ್ತವೆ, ಇನ್ನು ಕೆಲವುಗಳಲ್ಲಿ ಒತ್ತಕ್ಷರ ಒಡೆದು ಓದಲಾಗುವುದಿಲ್ಲ.

ಹಣ ಕೊಡುವಾಗ ಜಿಎಸ್‌ಟಿ ಇರುವ ಬಿಲ್ಲು, ಡಬ್ಬಿಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿಯ ಗುರುತು, ಕಂಪನಿಯ ಸರ್ವಿಸ್ ಸೆಂಟರ್ ಹುಬ್ಬಳ್ಳಿಯಲ್ಲೇ ಇದೆಯೋ ಅಥವಾ ಬೆಂಗಳೂರಿಗೆ ಕಳಿಸಬೇಕೋ ಎಂಬ ಉತ್ತರ, ಇಷ್ಟನ್ನು ಪಡೆಯದೆ ಹೊರಬರಬಾರದು.

ಮನೆಗೆ ತಂದ ಮೇಲೆ

ಖಾತೆಯನ್ನು ಹಿರಿಯರ ಹೆಸರಿನಲ್ಲಿಯೇ, ಅವರ ನಿಜವಾದ ವಯಸ್ಸು, ತೂಕ ಹಾಕಿ ತೆರೆಯಬೇಕು. ಮಗನ ವಯಸ್ಸು ಹಾಕಿದರೆ ಮೇಲೆ ಹೇಳಿದ 55ರ ನಿಯಮದಂಥವು ಕೆಲಸ ಮಾಡುವುದಿಲ್ಲ. ವಾಟ್ಸಾಪ್ ಗುಂಪುಗಳ ಸೂಚನೆ, ಎದ್ದು ನಡೆಯಿರೆಂಬ ಗಂಟೆಗೊಮ್ಮೆಯ ಆಜ್ಞೆ, ನಿದ್ದೆಯ ಅಂಕ ಎಲ್ಲವನ್ನೂ ಬಂದ್ ಮಾಡುವುದು ಲೇಸು. ಚೆನ್ನಾಗಿ ಮಲಗಿ ಎದ್ದವರು ವಾಚಿನಲ್ಲಿ ಕಡಿಮೆ ಅಂಕ ನೋಡಿ ದಿನವಿಡೀ ದಣಿವೆನ್ನುವುದುಂಟು.

ನಾಡಿಯ ಎಚ್ಚರಿಕೆಯ ಮಿತಿಯನ್ನು ವೈದ್ಯರನ್ನು ಕೇಳಿ ಇಡಬೇಕು. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಗುಳಿಗೆಗಳು ನಾಡಿಯನ್ನು ನಿಧಾನಗೊಳಿಸುವುದರಿಂದ ಅವನ್ನು ತೆಗೆದುಕೊಳ್ಳುವವರಿಗೆ ಮೇಲಿನ ಮಿತಿಯ ಎಚ್ಚರಿಕೆ ಬಾರದೆಯೇ ಹೋಗಬಹುದು, ಕೆಳಗಿನ ಮಿತಿಯದು ಸುಮ್ಮಸುಮ್ಮನೆ ಬರಬಹುದು. ಏಟ್ರಿಯಲ್ ಫಿಬ್ರಿಲೇಶನ್ ಇದೆಯೆಂದು ಈಗಾಗಲೇ ಗೊತ್ತಿರುವವರಿಗಾಗಿ ಆ್ಯಪಲ್‌ನ ಲಯತಪ್ಪಿದ ಬಡಿತದ ಸೂಚನೆಯನ್ನು ರೂಪಿಸಿಲ್ಲ.

ಯಾರ ಫೋನಿಗೆ ಯಾವ ಮಾಹಿತಿ ಹೋಗಬೇಕೆಂಬುದನ್ನು ಹಿರಿಯರ ಎದುರಿಗೇ, ಅವರ ಒಪ್ಪಿಗೆಯಿಂದಲೇ ತೀರ್ಮಾನಿಸಬೇಕು. ಬಿದ್ದ ಸೂಚನೆ ಮಕ್ಕಳಿಗೂ ಪಕ್ಕದ ಮನೆಯವರಿಗೂ ಹೋಗಲಿ. ಎಲ್ಲಿ ಹೋದರು, ಎಷ್ಟು ಹೊತ್ತಿಗೆ ಮಲಗಿದರು ಎಂಬುದೆಲ್ಲ ಎಲ್ಲರಿಗೂ ತಿಳಿಯಬೇಕಾಗಿಲ್ಲ. ತಮ್ಮ ಮೇಲೆ ಕಾವಲಿಟ್ಟಿದ್ದಾರೆಂದು ಅನ್ನಿಸಿದ ದಿನವೇ ಆ ವಾಚ್ ಕೈಯಿಂದ ಇಳಿಯುತ್ತದೆ.

ವೈದ್ಯರ ಬಳಿಗೆ ಹೋಗುವಾಗ ಫೋನನ್ನು ಅವರ ಕೈಗೆ ಕೊಟ್ಟು ನೋಡಿರೆನ್ನಬಾರದು. ನಮ್ಮ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತವರಿಗೆ ಅಷ್ಟು ಪುರುಸೊತ್ತು ಸಿಗುವುದಿಲ್ಲ. ಇಸಿಜಿಯ ಗೆರೆಯನ್ನು ಪಿಡಿಎಫ್ ಮಾಡಿ ಮುದ್ರಿಸಿ, ಅದನ್ನು ತೆಗೆದ ಹೊತ್ತಿನಲ್ಲಿ ಏನಾಗುತ್ತಿತ್ತೆಂದು ಪಕ್ಕದಲ್ಲಿ ಒಂದು ಸಾಲು ಬರೆದು, ತೋಳಿನ ಯಂತ್ರದ ಬಿಪಿ ವಹಿಯೊಂದಿಗೆ ಒಯ್ದರೆ ಸಾಕು. ಹೆಜ್ಜೆ, ನಿದ್ದೆಯ ನಕ್ಷೆಗಳನ್ನು ಅವರಾಗಿ ಕೇಳಿದರೆ ಮಾತ್ರ ತೋರಿಸಬಹುದು.